ದೋಣಿ ಎಂಜಿನ್ನಿಗೆ ದೀಪದ ಎಣ್ಣೆ

ಕಲ್ಲಯ್ಯಜ್ಜಾರ ಮಠ ಹೊಳೆದಂಡೆಯಲ್ಲಿತ್ತು. ಮಠ ಅಂದಕೂಡಲೇ ಆನೆ ಅಂಬಾರಿ ನೆನೆಸಿಕೊಳ್ಳಬೇಡಿ. ಒಂದು ಗದ್ದುಗೆ, ಒಂದು ಅಡುಗೆಮನೆ, ಒಂದು ಎಂಜಿನ್ ದೋಣಿ, ಅಷ್ಟೇ.

ಆ ಊರಿಗೆ ಸೇತುವೆ ಇರಲಿಲ್ಲ. ಸಂತೆಗೆ ಹೋಗುವವರಿಗೂ ದವಾಖಾನೆಗೆ ಹೋಗುವವರಿಗೂ ಮಠದ ದೋಣಿಯೇ ಗತಿ.

ಕಾವಿ ಉಡುವ ಮೊದಲು ಅಜ್ಜಾರು ಒಂದು ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಸಂಸಾರ ಬಿಟ್ಟರು, ನಟ್ಟು ಬಿಚ್ಚುವ ಪಾನಾ ಬಿಡಲಿಲ್ಲ.

ಅಡಿವೆಪ್ಪ ಎಂಬ ಮೂವತ್ತರ ಗಂಡಸು ಮನೆಮಾರು ತೊರೆದು ಬಂದು ಅವರ ಕಾಲು ಹಿಡಿದ.

“ಅಜ್ಜಾರ, ನನಗ ದಾರಿ ತೋರಸ್ರಿ.”

ಅಜ್ಜಾರು ಅವನನ್ನು ಎಂಜಿನ್ ಖೋಲಿಗೆ ಕರೆದೊಯ್ದರು. ಹಲಗೆಯ ಮೇಲೆ ಎಣ್ಣೆಯ ಡಬ್ಬಿಗಳಿದ್ದವು.

“ಬೆರಳ ಅದ್ದು. ಮೂಸಿ ನೋಡು.”

ಅಡಿವೆಪ್ಪ ಕಂದು ಎಣ್ಣೆಯಲ್ಲಿ ಬೆರಳದ್ದಿದ.

“ಅದು ನೆಲದ ಎಣ್ಣಿ. ಭೂಮ್ಯಾಗಿಂದು ತಗದು ಸೋಸಿದ್ದು. ದೋಣಿ ಎಂಜಿನ್ನಿಗೆ ಅದ ಬೇಕು, ಕಾವು ತಡೀತೈತಿ.”

ಇನ್ನೊಂದು ಡಬ್ಬಿಯಲ್ಲಿ ನೀರಿನಂಥದ್ದಿತ್ತು. ಬಣ್ಣವಿಲ್ಲ, ವಾಸನೆಯೂ ಇಲ್ಲ.

“ಅದೂ ನೆಲದ್ದ. ಆದ್ರ ಬಿಳಿ ಆಗೂತನಕ ತೊಳದದ್ದು. ದಾಸೋಹದ ರೊಟ್ಟಿ ಮಷೀನಿಗೆ. ಒಂದ ಹನಿ ಹಿಟ್ಟಿಗೆ ತಾಕಿದ್ರೂ ಉಣ್ಣೋರಿಗೆ ತ್ರಾಸಿಲ್ಲ.”

“ಈ ಸಣ್ಣ ಬಾಟ್ಲಿರಿ?”

“ಅದು ಕಾರ್ಖಾನ್ಯಾಗ ಮಂದಿ ರಸಾಯನ ಕೂಡಿಸಿ ಮಾಡಿದ್ದು. ಸಿಂಥೆಟಿಕ್. ಮಿಲ್ಲಿನ್ಯಾಗ ಕೆಂಡದಂಥಾ ಬೇರಿಂಗಿಗೆ ಹಾಕತಿದ್ವಿ. ಇಲ್ಲಿ ಅದರ ಕೆಲಸಿಲ್ಲ, ನೆನಪಿಗೆ ಇಟಗೊಂಡೀನಿ.”

ಕೊನೆಗೆ ಅಂಟಂಟು ಔಡಲ ಎಣ್ಣೆ.

“ಇದು ಬೀಜದ್ದು. ಚುಕ್ಕಾಣಿ ಕೀಲಿಗೆ, ಗಾಡಿ ಅಚ್ಚಿಗೆ ಬೆಸ್ಟು. ಆದ್ರ ಬೀಜದ ಎಣ್ಣಿ ಯಾವುದಾ ಇರಲಿ, ಎಂಜಿನ್ನಿನ ಕಾವಿಗೆ ಕೊಡಬಾರದು. ಗೋಂದ ಆಗತೈತಿ.”

ಅಡಿವೆಪ್ಪನಿಗೆ ಬೇಜಾರಾಯಿತು. ಹೆಂಡತಿ ಮಕ್ಕಳನ್ನು ಬಿಟ್ಟು ಬಂದದ್ದು ಡಬ್ಬಿ ಮೂಸುವುದಕ್ಕೆ ಅಲ್ಲವಲ್ಲ.

“ನಾ ಶಿವನ್ನ ಕೇಳಾಕ ಬಂದೀನ್ರಿ, ನೀವು ಎಣ್ಣಿ ತೋರಸಾಕತ್ತೀರಿ. ಎಲ್ಲಾ ಜಾರತಾವ. ಎಲ್ಲಾ ಒಂದ ಅಂತ ನಿನ್ನೆ ಪುರಾಣದಾಗ ನೀವ ಹೇಳಿದ್ರಲ್ಲ?”

ಅಜ್ಜಾರು ನಕ್ಕರು. ಮಾತು ಚೆಂದವಿತ್ತು, ಅದಕ್ಕೇ ನಕ್ಕರು. ಅಡಿವೆಪ್ಪ ಅದನ್ನು ಒಪ್ಪಿಗೆ ಅಂದುಕೊಂಡ.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಸೋಮವಾರ ಸೋಮವಾರ ಹೆಣ್ಣುಮಕ್ಕಳು ಕುಸುಬಿ ಬೀಜದ ಎಣ್ಣೆ ತಂದು ಗದ್ದುಗೆಯ ದೀಪಕ್ಕೆ ಹಾಕುತ್ತಿದ್ದರು. ಹೆಚ್ಚಾದದ್ದು ಕೆಳಗಿನ ತಾಮ್ರದ ಕೊಳಗಕ್ಕೆ ಇಳಿಯುತ್ತಿತ್ತು. ದೇವರಿಗೆ ಕೊಟ್ಟದ್ದು ಅಂತ ಅದನ್ನು ಒಗ್ಗರಣೆಗೆ ಬಳಸುವಂತಿಲ್ಲ, ಮಾರುವಂತಿಲ್ಲ. ಹೊಳೆಗೆ ಬಿಡುತ್ತಿದ್ದರು.

ಅದನ್ನು ನೋಡಿದರೆ ಅಡಿವೆಪ್ಪನ ಹೊಟ್ಟೆ ಉರಿಯುತ್ತಿತ್ತು. ಇಷ್ಟು ಮಂದಿಯ ಭಕ್ತಿ ನೀರುಪಾಲು. ದೋಣಿಯೂ ಶಿವನದೇ ಅಲ್ಲವೇ? ದಾಟುವವರೂ ಶಿವನೇ ಅಲ್ಲವೇ?

ದೋಣಿ ನಡೆಸುವ ಕೆಲಸ ಈಗ ಅವನದೇ ಆಗಿತ್ತು. ಎಂಜಿನ್ನಿನಲ್ಲಿ ಎಣ್ಣೆ ಕಡಿಮೆಯಾದಾಗೆಲ್ಲ ಅವನು ಕೊಳಗದ ಎಣ್ಣೆ ಸುರಿಯತೊಡಗಿದ. ಕಣ್ಣು ಮುಚ್ಚಿ, ಕೈ ಮುಗಿದು ಸುರಿಯುತ್ತಿದ್ದ. ಯಾರಿಗೂ ಹೇಳಲಿಲ್ಲ. ಹೇಳಿದರೆ ಪೂಜೆಯ ಪುಣ್ಯ ಹೋದೀತೆಂಬ ಅಂಜಿಕೆ, ಪಾಪ.

ಎಂಜಿನ್ ಮೊದಮೊದಲು ಚೆನ್ನಾಗಿಯೇ ಓಡಿತು.

ಹೊಳೆ ತುಂಬಿದ್ದ ದಿನ ಊರಿನ ಫಕೀರವ್ವ ಮಗಳನ್ನು ಎತ್ತಿಕೊಂಡು ಓಡಿಬಂದಳು. ಜೋಳದ ಕಣಕಿ ಬಣವೆಯ ಹತ್ತಿರ ಹುಡುಗಿಗೆ ಹಾವು ಕಚ್ಚಿತ್ತು. ಅಡಿವೆಪ್ಪ ಅವರನ್ನು ಕೂರಿಸಿಕೊಂಡು ದೋಣಿ ಬಿಟ್ಟ.

ನಡುಹೊಳೆಯಲ್ಲಿ ಎಂಜಿನ್ ಕಿರುಗುಟ್ಟಿ ಜಾಮ್ ಆಯಿತು.

ಗಳ ಹಾಕಿದರೆ ತಳ ಸಿಗಲಿಲ್ಲ. ಸೆಳವು ದೋಣಿಯನ್ನು ಎಳೆದುಕೊಂಡು ಹೋಗಿ ಎಲ್ಲೋ ಕೆಳಗೆ ಜಾಲಿಮುಳ್ಳಿನ ದಂಡೆಗೆ ಹಚ್ಚಿತು. ಫಕೀರವ್ವ ಮಗಳ ಜೊತೆ ಮಾತಾಡುತ್ತಲೇ ಇಳಿದಳು. ಹುಡುಗಿ ಆಗಲೇ ಸತ್ತುಹೋಗಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಅಜ್ಜಾರು ಎಂಜಿನ್ ಬಿಚ್ಚಿದರು. ಎಣ್ಣೆ ಹರಿಯುವ ದಾರಿಯೆಲ್ಲ ಬೆಲ್ಲದ ಪಾಕದಂಥ ಗೋಂದಿನಿಂದ ಮುಚ್ಚಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದರು.

“ಯಾವ ಎಣ್ಣಿ ಹಾಕಿದಿ?”

“ದೀಪದ್ದುರಿ.”

ಅಜ್ಜಾರು ಅಲ್ಲೇ ನೆಲದ ಮೇಲೆ ಕುಳಿತರು.

“ದೇವರ ಎಣ್ಣಿರಿ ಅದು. ಅದರಾಗ ಏನ ಪಾಪ ಇತ್ರಿ?”

“ಎಣ್ಣ್ಯಾಗ ಏನೂ ಇರಲಿಲ್ಲ.”

“ದೋಣಿ ನಿಲ್ಲದಿದ್ರ ಕೂಸು ಉಳೀತಿತ್ತೇನ್ರಿ?”

“ಗೊತ್ತಿಲ್ಲ.”

“ಉಳೀತಿರಲಿಲ್ಲ ಅನ್ರಿ. ಹಣೆಬರಹ ಅನ್ರಿ. ಬಂದವರಿಗೆಲ್ಲಾ ಹೇಳತೀರಲ್ಲ.”

“ಹೇಳತೀನಿ. ಇವತ್ತ ಬಾಯಾಗ ಬರವಲ್ದು.”

ಇಬ್ಬರೂ ಸೀಮೆಎಣ್ಣೆಯಲ್ಲಿ ಸಾಮಾನು ನೆನೆಹಾಕಿ ಗೋಂದು ಕೆರೆದರು. ಕೆರೆಯುತ್ತ ಅಜ್ಜಾರು ಹೇಳಿದರು:

“ಎಲ್ಲಾ ಒಂದ ಅಂತ ನೀ ಅಂದಾಗ ನಾ ಬೈಬೇಕಾಗಿತ್ತು. ನಕ್ಕೆ.”

ಅಡಿವೆಪ್ಪ ಗೋಂದು ಕೆರೆಯುತ್ತಲೇ ಇದ್ದ.

“ಫಕೀರವ್ವಗ ಗೊತ್ತೈತೇನು?”

“ಇಲ್ರಿ. ಎಂಜಿನ್ ಹಳೇದು, ಕೈ ಕೊಡ್ತು ಅಂತ ತಿಳಕೊಂಡಾಳ.”

“ಹೋಗಿ ಹೇಳು.”

ಅಡಿವೆಪ್ಪ ಹೋದ. ಫಕೀರವ್ವ ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಹೊಡೆದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಆ ಎಣ್ಣಿ ನಂದೋ ಅಪ್ಪಾ,” ಅಂದಳು. “ಸೋಮವಾರ ಸೋಮವಾರ ಆಕಿ ಹೆಸರ್ಲೆ ಹಾಕಿ ಬರತಿದ್ದೆ. ಆಕಿ ಚಂದ ಇರಲಿ ಅಂತ. ದೀಪಕ್ಕ ಹಿಡಸಲಾರದಷ್ಟು ಹಾಕತಿದ್ದೆ.”

ಮತ್ತೆ ಹರಳು ಆರಿಸತೊಡಗಿದಳು. ಆರಿಸಿದ ಹರಳನ್ನು ಜೋಳಕ್ಕೇ ಹಾಕುತ್ತಿದ್ದಳು.

ಅಡಿವೆಪ್ಪ ಹೇಗೆ ಮಠಕ್ಕೆ ಬಂದನೋ ಅವನಿಗೇ ತಿಳಿಯದು. ಎಂಜಿನ್ ಖೋಲಿಯ ಹೊಸ್ತಿಲಲ್ಲಿ ಕುಸಿದ.

“ಹೇಳಿ ಕೆಟ್ಟೆನ್ರಿ. ಇಲ್ಲೀತನಕ ನಾ ಒಬ್ಬಾಂವ ಬೇಯತಿದ್ದೆ. ಈಗ ಆಕಿನೂ ಬೇಯತಾಳ. ತನ್ನ ಕೈಯಾಗಿನ ಎಣ್ಣೀನ ಮಗಳನ್ನ ತಿಂತು ಅಂತ ತಿಳಕೊಂಡ್ಳು.”

ಅಜ್ಜಾರು ಕೈಯೊಳಗಿನ ಪಾನಾ ಕೆಳಗಿಟ್ಟರು.

“ಕಳಿಸಿದಾಂವ ನಾನ,” ಅಂದರು. “ಖರೇ ಹೇಳಿದ್ರ ಹಗುರ ಆಗತೈತಿ ಅಂತ ಮಾಡಿದ್ದೆ.”

ಎಂಜಿನ್ ಮತ್ತೆ ಕೂಡಿಸಿ ಆಗಿತ್ತು. ಅಜ್ಜಾರು ಕಂದು ಎಣ್ಣೆಯ ಡಬ್ಬಿ ತೆಗೆದುಕೊಂಡು ತಾವೇ ಸುರಿದರು.

ಅಡಿವೆಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡ.

“ಯಾವ ಯಂತ್ರಕ್ಕ ಯಾವ ಎಣ್ಣಿ, ನಿಮಗ ಗೊತ್ತೈತಿ. ಇಲ್ಲಿ ಹಗಲೂ ರಾತ್ರಿ ಉಜ್ಜಾಕತ್ತೈತ್ರಿ. ಇದಕ್ಕ ಯಾವುದು ಹಾಕಲಿ?”

ಅಜ್ಜಾರು ಹಲಗೆಯತ್ತ ನೋಡಿದರು. ಒಂದೊಂದೇ ಡಬ್ಬಿ ನೋಡಿದರು.

“ಇದಕ್ಕ ಇಲ್ಲ.”

“ಹಂಗಾರ ನಾನೂ ಒಂದಿನ ಜಾಮ್ ಆಗಿ ನಿಂದರತೀನ್ರಿ. ಎಣ್ಣಿ ಇಲ್ಲದ ಕಬ್ಬಿಣ ನಿಂದರತೈತಲ್ರಿ.”

ಆಚೆ ದಂಡೆಯಿಂದ ಒಂದು ಕೂಗು ಕೇಳಿಸಿತು. ಯಾರೋ ಟವೆಲ್ ಬೀಸುತ್ತಿದ್ದರು. ಅಡಿವೆಪ್ಪ ತಲೆ ಎತ್ತಲಿಲ್ಲ.

ಅಜ್ಜಾರು ಎಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಂದು ಅವನ ಮುಂದೆ ಇಟ್ಟರು.

“ಕಬ್ಬಿಣಕ್ಕ ನಿಲ್ಲೋ ಪುಣ್ಯ ಐತಿ ತಮ್ಮಾ, ನಮಗಿಲ್ಲ. ಏಳು, ಮಂದಿ ಕಾಯಾಕತ್ತಾರ.”