ಮೊಳಕೆ ಬಂದ ದತ್ತಿ

ಏಳು ಕೆರೆ ದಾಟಿದರೆ ಸಿಗುವ ಒಂದು ರಾಜ್ಯದಲ್ಲಿ ದೊಡ್ಡ ವಿದ್ಯಾಪೀಠವಿತ್ತು. ಆರುನೂರು ಮಕ್ಕಳು ಓದುತ್ತಿದ್ದರು. ಅವರಿಗೆಲ್ಲ ಅಡುಗೆ ಮಾಡಿಸುವ ಯಜಮಾನಿ ಗುರುಸಿದ್ದವ್ವ.

ಆರುನೂರು ಜನ ಉಂಡರೆ ಆರುನೂರು ಎಲೆ. ಹಿತ್ತಲಲ್ಲಿ ಎಂಜಲೆಲೆಯ ಗುಡ್ಡ ಬೆಳೆದು ನಾರುತ್ತಿತ್ತು. ಗುರುಸಿದ್ದವ್ವನ ಮೊಮ್ಮಗಳು ನೀಲವ್ವ ಅಲ್ಲೇ ಓದುತ್ತಿದ್ದಳು. ಅವಳು ಹನ್ನೊಂದು ಮಂದಿ ಗೆಳೆಯ ಗೆಳತಿಯರನ್ನು ಕಟ್ಟಿಕೊಂಡು ಗುಂಡಿ ತೋಡಿದಳು. ಎಲೆ ಹಾಕಿದರು, ಸಗಣಿ ಹಾಕಿದರು, ವಾರಕ್ಕೊಮ್ಮೆ ಮಗುಚಿದರು. ಗೊಬ್ಬರವಾಯಿತು. ಊರಿನ ಸೊಪ್ಪಿನ ಮಡಿಗಳಿಗೆ ಬುಟ್ಟಿಬುಟ್ಟಿ ಹಂಚಿದರು.

ಮೇಲ್ವಿಚಾರಕ ಹಂಪರಸ ಮೂಗು ಮುಚ್ಚಿಕೊಂಡು ಕೇಳಿದ, "ಏನವ್ವ, ನಿನ್ನ ಮೊಮ್ಮಗಳು ಓದೋಕೆ ಬಂದಿದ್ದಾಳೋ, ಕಸ ಹೊರೋಕೋ?"

"ಎರಡಕ್ಕೂ ಧಣಿ. ಓದಿದ್ದಕ್ಕೇ ಅವಳಿಗೆ ಕಸದ ಬೆಲೆ ಗೊತ್ತಾಗಿದ್ದು," ಅಂದಳು ಗುರುಸಿದ್ದವ್ವ. ಹೇಳುವಾಗ ಅವಳ ಕತ್ತು ಒಂದು ಗೇಣು ಉದ್ದವಾಗಿತ್ತು.

ಆ ವರ್ಷ ರಾಣಿ ಬೊಮ್ಮಲದೇವಿ ಡಂಗುರ ಸಾರಿಸಿದಳು. ನೆಲ, ನೀರು, ಊರು ಮೂರಕ್ಕೂ ಒಳಿತಾಗುವ ಕೆಲಸ ಮಾಡುವ ವಿದ್ಯಾರ್ಥಿಗಳ ಒಂದು ಗುಂಪಿಗೆ ಅರಮನೆಯ ದತ್ತಿ ಸಿಗುತ್ತದೆ ಎಂದು. ಗುರುಸಿದ್ದವ್ವ ಓಡಿಹೋಗಿ ನೀಲವ್ವನ ಗುಂಪಿನ ಹೆಸರು ಬರೆಸಿದಳು. ಮಳೆಗಾಲಕ್ಕೆ ಮೊದಲು ಗುಂಡಿಗೆ ಕಲ್ಲಿನ ಕಟ್ಟೆ, ಮೇಲೊಂದು ಚಪ್ಪರ ಆಗದಿದ್ದರೆ ನೀರು ನುಗ್ಗಿ ಮಕ್ಕಳ ಎರಡು ವರ್ಷದ ಕೆಲಸ ಕೊಚ್ಚಿಹೋಗುತ್ತಿತ್ತು.

ಹಂಪರಸನಿಗೂ ಆಸೆ ಹುಟ್ಟಿತು. ತನ್ನ ಭಾಮೈದನ ಪುಂಡರ ಗುಂಪನ್ನೇ ವಿದ್ಯಾರ್ಥಿಗಳೆಂದು ಹೇಳಿ ಹೆಸರು ಬರೆಸಿದ. ಪಕ್ಕದಲ್ಲೇ ಗುಂಡಿ ತೋಡಿಸಿ, ಕೆರೆಯ ಕಪ್ಪು ಮಣ್ಣು ತುಂಬಿಸಿ, ರೇಷ್ಮೆಯ ಬಾವುಟ ನೆಟ್ಟು, ಊದುಬತ್ತಿ ಹಚ್ಚಿಸಿದ.

ಮೂರು ಸಲ ನೋಡದೆ ದತ್ತಿ ಕೊಡಬಾರದು ಎಂಬುದು ಆ ರಾಜ್ಯದ ಕಟ್ಟಳೆ. ಮೊದಲು ಮಂತ್ರಿ ಬಂದ. ಬಾವುಟ ನೋಡಿ, ಹಂಪರಸನ ಗುಂಡಿಯೇ ಚೆಂದ ಅಂದ. ಆಮೇಲೆ ದಳವಾಯಿ ಬಂದ. ಊದುಬತ್ತಿಯ ಘಮ ಕುಡಿದು, ಇದೇ ಶುದ್ಧ ಅಂದ. ನೀಲವ್ವನ ಮುಖ ಬಾಡಿತು. ಮೂರನೆಯ ಸಲ ರಾಣಿಯೇ ಬಂದಳು.

ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡು ಮುಂದೆ ಹೋದಳು. "ತಾಯಿ, ಗೊಬ್ಬರವನ್ನು ಕಣ್ಣು ಮೂಗಿನಿಂದ ಅಳೆಯೋಕಾಗಲ್ಲ. ನೆನೆಸಿದ ಹೆಸರುಕಾಳಿನ ಎರಡು ಗಂಟು ಕಟ್ಟಿಸಿದ್ದೀನಿ. ಒಂದೊಂದು ಗುಂಡಿಯಲ್ಲಿ ಒಂದೊಂದು ಹೂಳಿ. ನಾಳೆ ಬಿಚ್ಚಿ ನೋಡಿ," ಅಂದಳು.

ರಾಣಿ ತನ್ನ ಕೈಯಾರೆ ಗಂಟುಗಳನ್ನು ಹೂಳಿ ಅರಮನೆಗೆ ಮರಳಿದಳು. ಹಂಪರಸ ಅಡುಗೆಮನೆಗೆ ಬಂದು ನಯವಾಗಿ ಕೇಳಿದ, "ಗುಂಡಿ ಗೆಲ್ಲಬೇಕಾದರೆ ಒಳಗೆ ಏನಿರಬೇಕವ್ವ?"

"ಬಿಸಿ ಇರಬೇಕು ಧಣಿ."

"ಎಷ್ಟು?"

"ಅದು ನಿಮ್ಮ ಕೈಲಾದಷ್ಟು," ಅಂದಳು ಗುರುಸಿದ್ದವ್ವ, ಸಾರಿಗೆ ಒಗ್ಗರಣೆ ಹಾಕುತ್ತ.

ಎಂದೂ ಗೊಬ್ಬರ ಮುಟ್ಟದ ಕೈ ಅದು. ಬಿಸಿ ಅಂದರೆ ಅವನಿಗೆ ಗೊತ್ತಿದ್ದದ್ದು ಬೆಂಕಿ ಒಂದೇ. ಮೂರು ಬಾಂಡಲಿ ಕೆಂಡ ತರಿಸಿ ಗಂಟಿನ ಸುತ್ತ ಹುಗಿಸಿದ.

ಮರುದಿನ ಊರೆಲ್ಲ ಸೇರಿತು. ರಾಣಿ ಮಕ್ಕಳ ಗುಂಡಿಗೆ ಕೈಯಿಟ್ಟಳು. ಮಗ್ಗುಲಲ್ಲಿ ಮಲಗಿದ ಕರುವಿನಂತೆ ಬೆಚ್ಚಗಿತ್ತು. ಗಂಟು ಬಿಚ್ಚಿದರೆ ಬಿಳಿಬಿಳಿ ಮೊಳಕೆ. ಹಂಪರಸನ ಗುಂಡಿಯಿಂದ ಹೊಗೆಯಾಡುವ ಕಪ್ಪು ಬಟ್ಟೆ ಬಂತು. ರಾಣಿ ಅದರಿಂದ ಎರಡು ಕಾಳು ಬಾಯಿಗೆ ಹಾಕಿಕೊಂಡಳು.

"ಚೆನ್ನಾಗಿ ಹುರಿದಿದ್ದೀಯ ಹಂಪರಸ. ಬಿತ್ತಿದರೆ ಮಾತ್ರ ಹುಟ್ಟೋದಿಲ್ಲ."

ಜನ ಹೊಟ್ಟೆ ಹಿಡಿದು ನಕ್ಕರು. ಹಂಪರಸ ತಲೆ ತಗ್ಗಿಸಿದ. ರಾಣಿ ಅವನ ಮೇಲ್ವಿಚಾರಣೆ ಕಿತ್ತುಕೊಂಡು, ಒಂದು ವರ್ಷ ಗುಂಡಿ ಮಗುಚುವ ಕೆಲಸಕ್ಕೆ ಹಾಕಿದಳು. ದತ್ತಿ ನೀಲವ್ವನ ಗುಂಪಿಗೆ ಬಂತು, ಆ ವರ್ಷಕ್ಕಷ್ಟೇ ಅಲ್ಲ, ವಿದ್ಯಾಪೀಠ ಇರುವವರೆಗೂ. ಮೊದಲ ಮಳೆ ಬೀಳುವ ಹೊತ್ತಿಗೆ ಕಟ್ಟೆಯೂ ಆಗಿತ್ತು, ಚಪ್ಪರವೂ ಆಗಿತ್ತು. ನೀಲವ್ವನನ್ನು ನೋಡಿ ಯಾರ ಮಗಳಮ್ಮ ಇವಳು ಎಂದು ಹೊಸಬರು ಕೇಳಿದರೆ ಗುರುಸಿದ್ದವ್ವ, "ನನ್ನ ಮಗಳ ಮಗಳು" ಎಂದು ಎರಡೆರಡು ಸಲ ಹೇಳುತ್ತಿದ್ದಳು.

ಅದಕ್ಕೇ ಮಕ್ಕಳೇ, ಕೊಡುವವರು ಕೈಯಿಟ್ಟು ನೋಡಿ ಕೊಡಬೇಕು. ಜೀವವಿರುವ ಕೆಲಸಕ್ಕೆ ಕೊಟ್ಟದ್ದು ಮೊಳೆಯುತ್ತದೆ, ಸೋಗಿಗೆ ಕೊಟ್ಟದ್ದು ಸುಟ್ಟುಹೋಗುತ್ತದೆ.