ಬಲಗಡೆಯ ಸ್ಟಿಕ್

"ಉಸ್ತಾದರೇ, ನಾನು ಯಾವ ಸ್ಟಿಕ್ ತಗೊಳ್ಳಲಿ?" ಎಂದು ಹಾಲೇಶ ಕೇಳಿದ.

ಹಾಲೇಶ ತಾಲ್ಲೂಕು ಕಚೇರಿಯ ಗುಮಾಸ್ತ. ಮದುವೆಯಾಗಿ ಎರಡು ವರ್ಷ. ಟಿವಿಗೆ ಸಿಕ್ಕಿಸಿ ಆಡುವ ಫೈಟಿಂಗ್ ಗೇಮ್ ಎಂದರೆ ಅವನಿಗೆ ಹುಚ್ಚು. ಸ್ಟಿಕ್ ಎಂದರೆ ಆ ಆಟದ ಆಳನ್ನು ಓಡಾಡಿಸುವ ಹಿಡಿ. ಉಸ್ತಾದರು ಆ ಆಟ ಕಲಿಸುವವರು. ಗರಡಿಯಲ್ಲಿ ಕುಸ್ತಿ ಕಲಿಸುವವರನ್ನು ಕರೆಯುವ ಹಾಗೆ ಯಾರೋ ಅವರನ್ನು ಉಸ್ತಾದ್ ಎಂದು ಕರೆದರು. ಅದೇ ನಿಂತಿತು.

"ಎರಡು ತಿಂಗಳಿಂದ ನೋಡ್ತಿದೀನಿ," ಎಂದ ಹಾಲೇಶ. "ಗುಂಡು ತಲೆಯದು ಒಂದಿದೆ, ಬೇಗ ತಿರುಗುತ್ತೆ. ಉದ್ದ ಹಿಡಿಯದು ಒಂದಿದೆ, ಕೈ ಬಿಟ್ಟರೆ ತಾನೇ ನಡುವಿಗೆ ಬರುತ್ತೆ. ಇನ್ನೊಂದಕ್ಕೆ ಹಿಡಿಯೇ ಇಲ್ಲ, ಬರೀ ಬಟನ್. ಒಬ್ಬೊಬ್ಬ ಒಂದೊಂದು ಹೇಳ್ತಾನೆ. ಸದ್ದಿನ ಕಾಟ ಬೇರೆ. ಮನೆಯವಳು ಏನದು ಟಕಟಕ ಅಂತ ಬೈತಾಳೆ. ಬಾಗಿಲು ಹಾಕ್ಕೊಂಡು ಆಡ್ತೀನಿ."

"ಗೆಲ್ಲೋದಕ್ಕೆ ಬೇಕಾ?"

"ಮತ್ಯಾತಕ್ಕೆ ಉಸ್ತಾದರೇ?"

"ಕೂತ್ಕೋ," ಎಂದರು ಉಸ್ತಾದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಅವನಿಗೊಬ್ಬ ಹೆಂಡತಿ. ಮಕ್ಕಳಿರಲಿಲ್ಲ. ದರ್ಜಿ ಬೀದಿಗೆ ಮುಖ ಮಾಡಿ ಹೊಲಿಗೆ ಮಶೀನು ತುಳಿಯುತ್ತಿದ್ದ. ಹೆಂಡತಿ ಅವನ ಬೆನ್ನ ಹಿಂದೆ ಕೂತು ಕಾಜಾ ಹಾಕುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು. ದಿನವಿಡೀ ಒಂದೇ ಅಂಗಡಿಯಲ್ಲಿ ಇದ್ದರೂ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

ಅದೇ ಬೀದಿಯಲ್ಲಿ ಒಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಅದು ಮುಚ್ಚಿತು. ಮಾಲೀಕ ಒಂದು ಮಶೀನನ್ನು ದರ್ಜಿಗೆ ಬಿಟ್ಟು ಹೋದ. ನಿಂತು ಆಡುವ ದೊಡ್ಡ ಪೆಟ್ಟಿಗೆ. ಎಡಗಡೆ ಒಂದು ಸ್ಟಿಕ್, ಬಲಗಡೆ ಒಂದು ಸ್ಟಿಕ್. ಎರಡೂ ಸವೆದಿದ್ದವು. ದರ್ಜಿ ಎರಡಕ್ಕೂ ಒಳಗೆ ಹಿಡಿ ಓಡಾಡುವ ತಟ್ಟೆ ಹೊಸದು ಹಾಕಿಸಿದ. ಅಂಗಡಿಯ ಮೂಲೆಯಲ್ಲಿ ಇಟ್ಟುಕೊಂಡ. ಅಂಗಡಿಯ ಹಿಂದೆಯೇ ಮನೆ.

ಆಟ ಸರಳ. ಪರದೆಯ ಮೇಲೆ ಇಬ್ಬರು ಹೊಡೆದಾಡುತ್ತಾರೆ. ಇಬ್ಬರ ತಲೆಯ ಮೇಲೂ ಒಂದೊಂದು ಹಳದಿ ಪಟ್ಟಿ. ಏಟು ಬಿದ್ದಷ್ಟೂ ಪಟ್ಟಿ ಕರಗುತ್ತದೆ. ಪೂರ್ತಿ ಕರಗಿದರೆ ಬಿದ್ದಂತೆ. ನಡುವೆ ಒಂದು ಅಂಕಿ ತೊಂಬತ್ತೊಂಬತ್ತರಿಂದ ಇಳಿಯುತ್ತಾ ಬರುತ್ತದೆ. ಅದು ಸೊನ್ನೆ ಮುಟ್ಟಿದರೆ ಯಾರ ಪಟ್ಟಿ ಹೆಚ್ಚು ಉಳಿದಿದೆಯೋ ಅವರು ಗೆದ್ದಂತೆ. ಮಾಲೀಕ ಆ ಮಶೀನನ್ನು ಒಂದೇ ಸುತ್ತಿಗೆ ಕಟ್ಟಿದ್ದ. ಬೇಗ ಮುಗಿಯಲಿ, ಜನ ಬದಲಾಗಲಿ ಎಂದು. ಗೇಮಿನ ಅಂಗಡಿಯ ನಿಯಮವೂ ಹಾಗೇ ಇತ್ತು. ಸೋತವರು ಜಾಗ ಬಿಟ್ಟುಕೊಡಬೇಕು.

ದರ್ಜಿಯ ಮನೆಯಲ್ಲೂ ಆ ನಿಯಮವೇ ನಡೆಯಿತು. ದಿನಕ್ಕೆ ಒಂದು ಆಟ. ದೀಪ ಹಚ್ಚುವ ಹೊತ್ತಿಗೆ ಕತ್ತರಿ ಕೆಳಗಿಟ್ಟು ಇಬ್ಬರೂ ಪಕ್ಕಪಕ್ಕ ನಿಲ್ಲುತ್ತಿದ್ದರು. ಅವನು ಎಡಗಡೆ. ಅವಳು ಬಲಗಡೆ. ಆಟ ಮುಗಿದರೆ ಅವಳು ಒಲೆಯ ಹತ್ತಿರ ಹೋಗುತ್ತಿದ್ದಳು. ಅವನು ಚಪ್ಪಲಿ ಮೆಟ್ಟಿ ಸರ್ಕಲ್ ಕಡೆ ಹೊರಡುತ್ತಿದ್ದ. ಅಲ್ಲಿ ಗೆಳೆಯರಿದ್ದರು. ಊಟದ ಹೊತ್ತಿಗೆ ಬರುತ್ತಿದ್ದ.

ದರ್ಜಿಗೆ ಸೋಲು ಸಹಿಸಲು ಆಗುತ್ತಿರಲಿಲ್ಲ. ಒಮ್ಮೆ ಕೇರಂನಲ್ಲಿ ಸೋತು ಬಂದವನು ಬೋರ್ಡನ್ನೇ ಯಾರಿಗೋ ಕೊಟ್ಟುಬಿಟ್ಟಿದ್ದ. ಮತ್ತೆ ಕೇರಂ ಮುಟ್ಟಲಿಲ್ಲ. ಅದು ಹೆಂಡತಿಗೆ ಗೊತ್ತಿತ್ತು.

ಈ ಆಟದಲ್ಲಿ ಅವನು ಸೋಲಲೇ ಇಲ್ಲ. ದಿನವೂ ಗೆದ್ದ. ಅವಳು ಆಟ ಶುರುವಾದ ಕೂಡಲೆ ಹಿಂದೆ ಸರಿದು ಮೂಲೆ ಸೇರುತ್ತಿದ್ದಳು. ಸ್ಟಿಕ್ಕನ್ನು ಹಿಂದಕ್ಕೆ, ಎಂದರೆ ಎದುರಾಳಿಯಿಂದ ದೂರಕ್ಕೆ, ಎಳೆದು ಹಿಡಿದರೆ ಏಟು ತಡೆಯಬಹುದು. ಅವಳು ತಡೆಯುತ್ತಿದ್ದಳು, ಅಷ್ಟೇ. ತಡೆದರೂ ದೊಡ್ಡ ಏಟು ಒಂದೊಂದು ಎಳೆಯಷ್ಟು ಪಟ್ಟಿ ತಿನ್ನುತ್ತದೆ. ಅಂಕಿ ಸೊನ್ನೆ ಮುಟ್ಟುವಾಗ ಅವನ ಪಟ್ಟಿ ತುಂಬಿರುತ್ತಿತ್ತು. ಅವಳದು ಒಂದು ಬೆರಳು ಕಡಿಮೆ.

"ಏನೇ, ಇವತ್ತೂ ಮೂಲೆ ಸೇರಿದ್ಯಾ? ಬಾ ಈಚೆಗೆ, ಹೊಡಿ."

"ನೀವು ಹೊಡೀರಿ. ನಾನು ಇಲ್ಲೇ ಇರ್ತೀನಿ."

"ನಿಧಾನ ಕಣೇ ನೀನು. ಕಾಜಾ ಹಾಕೋದೂ ನಿಧಾನ, ಆಡೋದೂ ನಿಧಾನ."

"ಕಾಜಾ ಬೇಗ ಹಾಕಿದರೆ ದಾರ ಬಿಡುತ್ತೆ ಬಿಡಿ."

ಹನ್ನೊಂದು ವರ್ಷ ಹೀಗೇ ನಡೆಯಿತು. ಹನ್ನೆರಡನೆಯ ವರ್ಷ ಅವಳು ಜ್ವರದಿಂದ ಮಲಗಿದಳು. ಒಂಬತ್ತು ದಿನ ಮಲಗಿದ್ದಳು. ಹತ್ತನೆಯ ದಿನ ಇರಲಿಲ್ಲ.

ಅನ್ನಕ್ಕೆ ಇಡುವ ಅಕ್ಕಿ ಅರ್ಧ ಲೋಟಕ್ಕೆ ಇಳಿಯಿತು. ಅದೂ ಮಿಗುತ್ತಿತ್ತು. ಕಾಜಾ ಹಾಕಿಸಲು ಅಂಗಿಗಳನ್ನು ಹೊರಗೆ ಕಳಿಸಿದ. ಬಂದ ಅಂಗಿಗಳನ್ನು ಮಡಿಸುವಾಗ ಕಾಜಾ ನೋಡುತ್ತಿರಲಿಲ್ಲ. ತಿಂಗಳ ಮೇಲೆ ಒಂದು ಸಂಜೆ ಸರ್ಕಲ್ ಕಡೆ ಹೋದ. ಒಬ್ಬ ಗೆಳೆಯ ಅಭ್ಯಾಸದ ಮೇಲೆ, "ಏನಪ್ಪಾ, ಇವತ್ತೂ ಗೆದ್ಯಾ?" ಎಂದುಬಿಟ್ಟ. ಅಂದ ಮೇಲೆ ಆ ಗೆಳೆಯನ ಮುಖ ಇಳಿಯಿತು. ದರ್ಜಿ ಮತ್ತೆ ಆ ಕಡೆ ಹೋಗಲಿಲ್ಲ.

ಆಟದ ಮಶೀನಿನ ಪರದೆಯೂ ಆ ವರ್ಷವೇ ಕೆಟ್ಟಿತು.

ಪೇಟೆಯಲ್ಲಿ ಹೊಸದೊಂದು ಗೇಮ್ ಸೆಂಟರ್ ಬಂದಿತ್ತು. ದರ್ಜಿ ಅಲ್ಲಿಗೆ ಹೋದ. ಅದೇ ಆಟ, ಬಣ್ಣ ಮಾತ್ರ ಹೆಚ್ಚು. ಒಬ್ಬ ಕಾಲೇಜು ವಿದ್ಯಾರ್ಥಿಯ ಎದುರು ಆಡಿದ. ಅಂಕಿ ಎಂಬತ್ತಕ್ಕೆ ಇಳಿಯುವುದರೊಳಗೆ ಬಿದ್ದ. ಮತ್ತೆ ಆಡಿದ. ಮತ್ತೆ ಬಿದ್ದ.

"ಅಂಕಲ್, ನಿಧಾನಕ್ಕೆ. ಬಾವಿ ರಾಟೆ ಅಲ್ಲ ಅದು, ಕಿತ್ತು ಬಂದೀತು."

"ನಿನ್ನ ಪ್ಯಾಂಟಿನ ಸೊಂಟ ಬಿಗಿ ಮಾಡಿದ ಕೈ ಕಣೋ ಇದು. ಇನ್ನೊಂದು ಇಂಚು ಬಿಗಿ ಮಾಡೇನು, ಹುಷಾರು."

ಎಲ್ಲರೂ ನಕ್ಕರು. ದರ್ಜಿಯೂ ನಕ್ಕ. ಮೂರನೆಯ ಸಲ ಬಿದ್ದಾಗ ನಗಲಿಲ್ಲ.

ಮನೆಗೆ ಬಂದು ಕೈ ನೋಡಿಕೊಂಡ. ಹನ್ನೊಂದು ವರ್ಷ ದಿನವೂ ಗೆದ್ದ ಕೈ. ಕೈ ಕೆಟ್ಟಿರಲಾರದು, ಸ್ಟಿಕ್ಕೇ ಸರಿಯಿಲ್ಲ ಎಂದುಕೊಂಡ. ಅವಳ ಜೊತೆ ಕಳೆದ ದಿನಗಳಲ್ಲಿ ಅವನ ಕೈಯಲ್ಲಿ ಉಳಿದದ್ದು ಆ ಗೆಲುವು ಒಂದೇ. ಅದೂ ಹೋದರೆ ಅವನ ಹತ್ತಿರ ಏನೂ ಇರುತ್ತಿರಲಿಲ್ಲ.

ಗುಂಡು ತಲೆಯ ಸ್ಟಿಕ್ ತಂದು ಗೇಮ್ ಸೆಂಟರಿನಲ್ಲಿ ಸಿಕ್ಕಿಸಿ ಆಡಿದ. ಸೋತ. ಉದ್ದ ಹಿಡಿಯದು ತಂದ. ಸೋತ. ಬರೀ ಬಟನ್ ಇರುವ ಡಬ್ಬಿ ತಂದ. ಅದರಲ್ಲಿ ಎರಡು ದಿನ ಹಿಂದೆ ಯಾವುದು ಮುಂದೆ ಯಾವುದು ಎಂದೇ ತಿಳಿಯಲಿಲ್ಲ. ಯಾರೋ ಅವನಿಗೆ ಒಬ್ಬ ರಿಪೇರಿಯವನ ವಿಳಾಸ ಕೊಟ್ಟರು. ಕೈಗೆ ತಕ್ಕ ಸ್ಟಿಕ್ ಕಟ್ಟಿಕೊಡುವವನು. ದರ್ಜಿ ಅಲ್ಲಿಗೆ ಹೋದ.

"ನನಗೆ ಗೆಲ್ಲುವ ಸ್ಟಿಕ್ ಬೇಕು," ಎಂದ.

"ಮೊದಲು ಯಾವುದರಲ್ಲಿ ಗೆಲ್ತಿದ್ರಿ?"

"ಹಳೇ ಮಶೀನಲ್ಲಿ."

"ಅದನ್ನೇ ಬಿಚ್ಚಿಸಿ ತನ್ನಿ. ನಿಮ್ಮ ಕೈ ಹೆಂಗೆ ಹೋಗುತ್ತೆ ಅಂತ ಸವೆತದಲ್ಲಿ ಗೊತ್ತಾಗುತ್ತೆ. ಅದೇ ಅಳತೆಗೆ ಹೊಸದು ಕಟ್ತೀನಿ."

ಇದು ದರ್ಜಿಗೆ ಅರ್ಥವಾಯಿತು. ಹಳೆಯ ಅಂಗಿ ತಂದು ಅದೇ ಅಳತೆಗೆ ಹೊಲಿಯಿರಿ ಎನ್ನುವವರು ಅವನಲ್ಲಿಗೂ ಬರುತ್ತಿದ್ದರು. ಮರುದಿನ ಸ್ಟಿಕ್ಕುಗಳಿದ್ದ ಹಲಗೆಯನ್ನು ಇಡಿಯಾಗಿ ಬಿಚ್ಚಿ ತಂದ. ಎಡಗಡೆಯದೂ ಇತ್ತು, ಬಲಗಡೆಯದೂ ಇತ್ತು.

ಸ್ಟಿಕ್ಕಿನ ಬುಡದಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ನಡುವೆ ಒಂದು ಚೌಕ ತೂತು. ಹಿಡಿಯ ಸರಳು ಅದರೊಳಗೆ ಓಡಾಡುತ್ತದೆ. ಯಾವ ಕಡೆ ಹೆಚ್ಚು ತಳ್ಳುತ್ತೀರೋ ಆ ಕಡೆಯ ಅಂಚು ಸವೆಯುತ್ತದೆ.

ರಿಪೇರಿಯವನು ಎಡಗಡೆಯದು ಬಿಚ್ಚಿದ. ಮುಂದಿನ ಅಂಚು ತಿಂದುಹೋಗಿತ್ತು. ಉಳಿದ ಕಡೆ ಹೊಸದರ ಹಾಗೆ ಇತ್ತು.

"ಇದು ನೀವು. ಬರೀ ಮುಂದೆ ನುಗ್ಗೋರು. ಹಿಂದೆ ಸರಿದು ಗೊತ್ತೇ ಇಲ್ಲ. ಇದರಲ್ಲಿ ನೀವು ಯಾರ ಹತ್ರ ಗೆದ್ರಿ?"

"ಮನೆಯವಳ ಹತ್ರ."

ರಿಪೇರಿಯವನು ಬಲಗಡೆಯದು ಬಿಚ್ಚಿದ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಿಂದಿನ ಅಂಚಿನಲ್ಲಿ ಒಂದು ಗುಣಿ. ಹಿಂದೆ ಕೆಳಗಿನ ಮೂಲೆಯಲ್ಲಿ ಇನ್ನೊಂದು. ಎರಡೂ ಒಂದೇ ಆಳ. ಅವನು ಗುಣಿಗಳ ಮೇಲೆ ಬೆರಳಾಡಿಸಿದ.

"ಇವರು ಎಲ್ಲಿದ್ದಾರೆ ಸ್ವಾಮಿ? ನಾನು ಇವರ ಹತ್ರ ಒಂದು ಆಟ ಆಡಬೇಕಿತ್ತು."

"ಇಲ್ಲ."

ರಿಪೇರಿಯವನಿಗೆ ತಿಳಿಯಿತು. ತಟ್ಟೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಅವಳಿಗೆ ಆಟ ಬರ್ತಿರಲಿಲ್ಲ," ಎಂದ ದರ್ಜಿ. "ತಡೆಯೋದೊಂದೇ ಗೊತ್ತಿತ್ತು."

"ಆಟ ಬರದೆ ಇರೋರು ಗಾಬರಿಯಲ್ಲಿ ಸಿಕ್ಕಸಿಕ್ಕ ಕಡೆ ತಳ್ತಾರೆ. ನೋಡಿ ಇಲ್ಲಿ, ಮುಂದಿನ ಅಂಚಲ್ಲಿ ಒಂದು ಗೀರೂ ಇಲ್ಲ. ಮೇಲಿನ ಏಟು ಬಂದರೆ ಹಿಂದೆ. ಕೆಳಗಿನ ಏಟು ಬಂದರೆ ಹಿಂದೆ ಕೆಳಗೆ. ನೀವು ಏನು ಮಾಡ್ತೀರಿ ಅಂತ ನಿಮಗಿಂತ ಮೊದಲು ಅವರಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದೋರಿಗೆ ಹೊಡೆಯೋದು ದೊಡ್ಡದಲ್ಲ. ಹೊಡೆದಿಲ್ಲ. ಆಟ ಸೊನ್ನೆವರೆಗೂ ಹೋಗ್ತಿತ್ತಾ?"

"ದಿನಾ ಹೋಗ್ತಿತ್ತು."

"ಆಟ ಮುಗಿದ ಮೇಲೆ ನೀವೇನು ಮಾಡ್ತಿದ್ರಿ?"

ದರ್ಜಿ ಬಲಗಡೆಯ ತಟ್ಟೆಯನ್ನು ಕೈಗೆ ತೆಗೆದುಕೊಂಡ.

"ಸರ್ಕಲ್ ಕಡೆ ಹೋಗ್ತಿದ್ದೆ," ಎಂದ.

ರಿಪೇರಿಯವನು ಹೇಳಿದ್ದು ತಟ್ಟೆಯಲ್ಲಿ ಕಂಡದ್ದನ್ನು ಮಾತ್ರ. ಉಳಿದದ್ದನ್ನು ದರ್ಜಿಯೇ ನೋಡಿಕೊಂಡ. ಅವಳು ಗೆದ್ದಿದ್ದರೆ ಅವನು ಮರುದಿನ ಆ ಮಶೀನಿನ ಮುಂದೆ ನಿಲ್ಲುತ್ತಿರಲಿಲ್ಲ. ಬೇಗ ಸೋತಿದ್ದರೆ ಬೇಗ ಚಪ್ಪಲಿ ಮೆಟ್ಟುತ್ತಿದ್ದ. ತೊಂಬತ್ತೊಂಬತ್ತರಿಂದ ಸೊನ್ನೆಯವರೆಗೆ ಅವನು ಅವಳ ಪಕ್ಕದಲ್ಲಿ ನಿಂತಿರುತ್ತಿದ್ದ. ಅವಳಿಗೆ ಸಿಗುತ್ತಿದ್ದದ್ದು ಅಷ್ಟೇ. ಆ ಅಷ್ಟರಲ್ಲಿ ಒಂದು ಎಣಿಕೆಯನ್ನೂ ಅವಳು ಬಿಟ್ಟುಕೊಟ್ಟಿರಲಿಲ್ಲ. ಅವನು ಹನ್ನೊಂದು ವರ್ಷ ಅವಳಿಗೆ ನಿಧಾನ ಕಣೇ ನೀನು ಎನ್ನುತ್ತಾ ಬಂದಿದ್ದ.

"ಯಾವ ಸ್ಟಿಕ್ ಕಟ್ಟಲಿ?" ಎಂದು ರಿಪೇರಿಯವನು ಕೊನೆಗೆ ಕೇಳಿದ.

"ಅವಳದನ್ನೇ ಒಂದು ಡಬ್ಬಿಗೆ ಹಾಕಿಕೊಡಿ."

"ಸವೆದುಹೋಗಿದೆ. ಹೊಸ ತಟ್ಟೆ ಹಾಕ್ತೀನಿ."

"ತಟ್ಟೆ ಮುಟ್ಟಬೇಡಿ."

"ಅದರಲ್ಲಿ ಗೆಲ್ಲೋಕಾಗಲ್ಲ."

"ಗೆಲ್ಲೋದು ಬೇಡ."

"ಸರಿ. ನಿಮ್ಮದನ್ನೂ ಹಾಕಿಬಿಡಲಾ? ಇಬ್ಬರು ಆಡಬಹುದು."

"ಒಂದು ಸಾಕು," ಎಂದ ದರ್ಜಿ.

ಮನೆಗೆ ತಂದು ಟಿವಿಗೆ ಸಿಕ್ಕಿಸಿದ. ಎದುರಿಗೆ ಆಡುವವರಿಲ್ಲ. ಯಂತ್ರವೇ ಆಡುತ್ತದೆ. ಅವನು ಬಲಗಡೆಯ ಆಳನ್ನು ಆರಿಸಿಕೊಂಡ. ಹೊಡೆಯಲಿಲ್ಲ. ಹಿಂದೆ ಸರಿದು ಮೂಲೆ ಸೇರಿದ. ಹಿಡಿಯನ್ನು ಹಿಂದಕ್ಕೆ ಎಳೆದ. ಅದು ತನ್ನಷ್ಟಕ್ಕೆ ಆ ಗುಣಿಯೊಳಗೆ ಹೋಗಿ ಕೂತಿತು. ಸುಮ್ಮನೆ ತಡೆಯುವುದು ಸುಲಭ ಎಂದುಕೊಂಡಿದ್ದ. ಮೊದಲ ದಿನ ಎಂಬತ್ತೈದಕ್ಕೇ ಬಿದ್ದ. ಆರು ತಿಂಗಳ ಮೇಲೆ ನಲವತ್ತರವರೆಗೆ ನಿಂತ.

ಈಗಲೂ ಆಡುತ್ತಾನೆ, ದೀಪ ಹಚ್ಚುವ ಹೊತ್ತಿಗೆ, ದಿನಕ್ಕೆ ಒಂದೇ ಆಟ. ಮುಗಿದ ಮೇಲೆ ಎಲ್ಲಿಗೂ ಹೋಗುವುದಿಲ್ಲ. ಒಮ್ಮೆಯೂ ಸೊನ್ನೆ ಮುಟ್ಟಿಲ್ಲ.

ಉಸ್ತಾದರು ಕತೆ ನಿಲ್ಲಿಸಿದರು. ಹಾಲೇಶ ಕಾದ. ಇನ್ನೂ ಇದೆ ಎಂದುಕೊಂಡಿದ್ದ.

"ಅಷ್ಟೇನಾ ಉಸ್ತಾದರೇ?"

"ಅಷ್ಟೇ."

"ನಾನು ಯಾವುದು ತಗೊಳ್ಳಲಿ ಅಂತ ನೀವು ಹೇಳಲೇ ಇಲ್ಲವಲ್ಲ."

"ಯಾವುದಾದರೂ ಆದೀತು," ಎಂದರು ಉಸ್ತಾದರು. "ಎರಡು ತಗೋ."

ಆ ರಾತ್ರಿ ಹಾಲೇಶ ಬಾಗಿಲು ಹಾಕಿಕೊಳ್ಳಲಿಲ್ಲ.