ಓಬಳೇಶನ ಬೈಕಿಗೆ ಒಂದು ಹಲ್ಲು ಹೆಚ್ಚಾಗಿದ್ದು

ಎಲೆಅಡಿಕೆ ಇದ್ದೋರು ಬಾಯಿಗೆ ಹಾಕ್ಕೊಳ್ಳಿ, ಇಲ್ಲದೋರು ಬಾಯಿ ಮುಚ್ಕೊಂಡು ಕೇಳಿ.

ಹೈವೇ ಪಕ್ಕದ ಒಂದೂರಲ್ಲಿ ಮಾರಕ್ಕ ಅಂತ ಒಬ್ಬಳು ತಾಯಿ. ಅವಳಿಗೆ ಓಬಳೇಶ ಅಂತ ಒಬ್ಬ ಮಗ. ಮಗ ಅಂದ್ರೆ ಮಗ, ಹೇಳಿದ ಮಾತು ಒಂದಕ್ಷರ ಮೀರೋನಲ್ಲ. ಅದೇ ಬಂದಿದ್ದು ಗ್ರಹಚಾರ! "ಒಲೆ ಮುಂದೆ ಕೂತ್ಕೊಂಡಿರೋ" ಅಂದ್ರೆ ಕೂತೇ ಇರೋನು. ಹಾಲು ಉಕ್ಕಿ, ಸೀದು, ತಳ ಹತ್ತಿದ್ರೂ ಕೂತೇ ಇರೋನು. "ಇವನನ್ನ ಕಟ್ಕೊಂಡು ನಾನು ಹೆಂಗಪ್ಪಾ ಬಾಳ್ಲಿ" ಅಂತ ಮಾರಕ್ಕ ದಿನಾ ಹಣೆ ಚಚ್ಚಿಕೊಳ್ಳೋಳು.

ಮಾರಕ್ಕನ ಮಗಳು ಪಾಲಾಕ್ಷಿಯನ್ನ ದಿಬ್ಬದ ಆಚೆ ಊರಿಗೆ ಕೊಟ್ಟಿತ್ತು. ಅವಳ ಮೂರು ವರ್ಷದ ಪೋರನಿಗೆ ಮುಡಿ ತೆಗೆಸೋಕೆ ದಿನ ಗೊತ್ತಾಯ್ತು. ಮುಡಿ ತೆಗೆಯುವಾಗ ಮಗು ಸೋದರಮಾವನ ತೊಡೆ ಮೇಲೇ ಕೂರಬೇಕು. ಸೋದರಮಾವ ಯಾರು? ನಮ್ಮ ಓಬಳೇಶನೇ! ಆದರೆ ಬೀಗಿತ್ತಿ ಖಡಕ್ಕಾಗಿ ಹೇಳಿ ಕಳಿಸಿದಳು: "ನಾಮಕರಣಕ್ಕೆ ಬರ್ತೀವಿ ಅಂದೋರು ಬೈಕು ಕೆಟ್ಟು ದಾರೀಲೇ ನಿಂತ್ರಿ. ಈ ಸಲ ಹೊತ್ತು ನೆತ್ತಿಗೆ ಬರೋದ್ರೊಳಗೆ ಬರಲಿಲ್ವೋ, ನಮ್ಮ ಕಡೆ ಹುಡುಗನ ತೊಡೆ ಮೇಲೆ ಕೂರಿಸಿಬಿಡ್ತೀವಿ!"

ಮಾರಕ್ಕನ ಎದೆ ಧಸಕ್ ಅಂತು. ಪೆದ್ದನೋ ಜಾಣನೋ, ಇರೋನು ಒಬ್ಬನೇ ಮಗ. ಅವನು ಕೂರೋ ಜಾಗದಲ್ಲಿ ಇನ್ಯಾರೋ ಕೂತರೆ ಅವಳು ನಾಲ್ಕು ಜನರ ಮುಂದೆ ಮುಖ ಎತ್ತೋದು ಹೆಂಗೆ?

ಬೈಕೋ, ಅವರಪ್ಪ ಬಿಟ್ಟುಹೋದ ಹಳೇ ಬೈಕು. ಊರೊಳಗೆ ಹಸು, ಹೈವೇಯಲ್ಲಿ ರಾಕ್ಷಸಿ. ಸ್ಪೀಡ್ ಕೊಟ್ಟರೆ ಇಂಜಿನ್ನು ಕಿರ್ರೋ ಅಂತ ಅರಚೋದು, ಕಾದು ಕೆಂಡ ಆಗೋದು, ನಿಂತೇ ಹೋಗೋದು. ಬೈಕು ರಿಪೇರಿ ಮಾಡೋ ಬಾಷು ಮೇಸ್ತ್ರಿ ಬಗ್ಗಿ ನೋಡಿದ. "ಮಾರಕ್ಕಾ, ಇಂಜಿನ್ ಕಡೆ ಚೈನ್ ಸುತ್ತೋ ಹಲ್ಲಿನ ಚಕ್ರ, ಸ್ಪ್ರಾಕೆಟ್ ಇದೆಯಲ್ಲ, ಅದನ್ನ ಬದಲಾಯಿಸು. ಒಂದು ಹಲ್ಲು ಜಾಸ್ತಿ ಇರೋದು ಹಾಕಿದ್ರೆ ಅದೇ ಸ್ಪೀಡಿಗೆ ಇಂಜಿನ್ ಕಮ್ಮಿ ಸುತ್ತುತ್ತೆ. ಅರಚಲ್ಲ, ಕಾಯಲ್ಲ" ಅಂದ.

ಓಬಳೇಶ ಪೇಟೆಗೆ ಹೋದ, ಸ್ಪ್ರಾಕೆಟ್ ತಂದ. ಹೆಂಗೆ ತಂದ? ಗ್ರೀಸ್ ಮೆತ್ತಿದ್ದನ್ನ ಹಂಗೇ ಮುಡಿಗೆ ಅಂತ ಕೊಂಡಿದ್ದ ಹೊಸ ಪಂಚೇಲಿ ಗಂಟು ಕಟ್ಟಿ ತಂದ!

"ಅಯ್ಯೋ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಜಿಡ್ಡಿನ ಸಾಮಾನನ್ನ ಸೀಮೆಎಣ್ಣೇಲಿ ಉಜ್ಜಿ ತೊಳೆದು ತರಬೇಕು ಕಣೋ!"

"ಆಗ್ಲಮ್ಮ, ಮುಂದಿನ ಸಲ ಹಂಗೇ ಮಾಡ್ತೀನಿ."

ಮಾರನೇ ದಿನ ಹೋಳಿಗೆಗೆ ತುಪ್ಪ ಕಾಯಿಸಬೇಕು, ಬೆಣ್ಣೆ ತಾ ಅಂದಳು. ಬೆಣ್ಣೆ ಜಿಡ್ಡೋ ಅಲ್ವೋ? ಜಿಡ್ಡೇ! ಸೀಮೆಎಣ್ಣೇಲಿ ಉಜ್ಜಿ ತೊಳೆದೇ ತಂದ. ಮನೆ ತುಂಬ ಗಬ್ಬುನಾತ.

"ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ್ದೀಯಲ್ಲೋ! ಬಾಳೆ ಎಲೇಲಿ ಸುತ್ತಿ, ನೀರು ಚಿಮುಕಿಸಿ ಚಿಮುಕಿಸಿ, ತಣ್ಣಗೆ ಇಟ್ಕೊಂಡು ತರಬೇಕು ಕಣೋ!"

"ಆಗ್ಲಮ್ಮ, ಮುಂದಿನ ಸಲ ಹಂಗೇ ಮಾಡ್ತೀನಿ."

ಅಷ್ಟರಲ್ಲಿ ಬಾಷು ಮೇಸ್ತ್ರಿ, "ಹಲ್ಲು ಜಾಸ್ತಿ ಆಯ್ತು, ಹಳೇ ಚೈನು ಸಾಲ್ದು, ಹೊಸದು ತಗೊಂಡು ಬಾ" ಅಂದ. ಓಬಳೇಶ ಚೈನನ್ನ ಬಾಳೆ ಎಲೇಲಿ ಸುತ್ತಿದ. ದಾರಿ ಉದ್ದಕ್ಕೂ ನೀರು ಚಿಮುಕಿಸಿದ, ಮನೇಲಿ ಮಡಕೆ ಪಕ್ಕ ಇಟ್ಟು ಮತ್ತೂ ಚಿಮುಕಿಸಿದ. ಬೆಳಗ್ಗೆ ಬಿಚ್ಚಿದರೆ ಚೈನೆಲ್ಲ ಕೆಂಪು ತುಕ್ಕು!

ಬಾಷು ಮೇಸ್ತ್ರಿ ತಲೆ ಮೇಲೆ ಕೈ ಹೊತ್ತುಕೊಂಡ. ಉಜ್ಜಿದ, ಎಣ್ಣೆ ಬಿಟ್ಟ, ಹೆಂಗೋ ಕೂರಿಸಿದ. "ಲೇ ಓಬಳೇಶ, ಬೈಕಿನ ವಿಷ್ಯಕ್ಕೆ ನಾನು ಹೇಳಿದ್ದು ಕೇಳು. ಇನ್ಮೇಲೆ ಏರಲ್ಲಿ ಮೊದಲಿನ ಹಂಗೆ ಎಳೆಯಲ್ಲ. ಗೇರ್ ಇಳಿಸು. ಅದಕ್ಕೂ ಎಳೀದಿದ್ರೆ ಭಾರ ಇಳಿಸು."

"ಆಗ್ಲಣ್ಣ, ಹಂಗೇ ಮಾಡ್ತೀನಿ."

ಮುಡಿ ದಿನ ಬಂತು. ತಾಯಿ ಮಗ ಹೊರಟರು. ಹೈವೇಯಲ್ಲಿ ಬೈಕು ಏನು ಓಡ್ತು ಅಂತೀರಿ! ಅರಚಾಟ ಇಲ್ಲ, ಕಿರುಚಾಟ ಇಲ್ಲ. ಮಾರಕ್ಕನಿಗೆ ಜೀವ ತಂಪಾಯ್ತು. "ಈ ಸಲ ಹೊತ್ತಿಗೆ ಮುಂಚೆ ಹೋಗ್ತೀವಿ ಬಿಡು ಮಗನೇ" ಅಂದಳು. ಅಷ್ಟರಲ್ಲಿ ದಿಬ್ಬ ಬಂತು. ಓಬಳೇಶ ಗೇರ್ ಇಳಿಸಿದ. ಬೈಕು ಏದುಸಿರು ಬಿಡ್ತು.

"ಅಮ್ಮ, ಇಳಿ."

ಇಳಿದಳು. ಇಳಿದಿದ್ದೇ ತಡ, ಮಗರಾಯ ಬುರ್ ಅಂತ ಹೋಗೇಬಿಟ್ಟ! "ಲೋ! ಲೋ ನಿಂತ್ಕೊಳ್ಳೋ!" ಅಂದಳು. ನಿಲ್ತಾನಾ? ನಿಲ್ಲು ಅಂತ ಮೇಸ್ತ್ರಿ ಹೇಳಿರಲಿಲ್ಲವಲ್ಲ!

ಮಾರಕ್ಕ ಈರುಳ್ಳಿ ಲಾರಿಗೆ ಕೈ ಅಡ್ಡ ಹಾಕಿ, ಬೇಡಿಕೊಂಡು ಹತ್ತಿ ಬೀಗರ ಮನೆ ಮುಟ್ಟಿದಳು. ನೋಡಿದರೆ ಹೊತ್ತು ಇನ್ನೂ ನೆತ್ತಿಗೆ ಬಂದಿಲ್ಲ. ಓಬಳೇಶ ಹಸೆ ಮೇಲೆ ಕೂತಿದ್ದಾನೆ, ಮಗು ಅವನ ತೊಡೆ ಮೇಲೇ ಕೂತಿದೆ, ಮುಡಿ ನಡೀತಾ ಇದೆ. ಅವಳ ಕಣ್ಣು ತುಂಬಿ ಬಂತು. ಮುಡಿ ಮುಗೀಲಿ ಅಂತ ಕಾದಳು, ಮುಗಿದ ಮೇಲೆ ಮೂಲೆಗೆ ಎಳೆದು ಕಿವಿ ಹಿಂಡಿದಳು.

"ಹೆತ್ತೋಳು ಭಾರ ಆದಳೇನೋ ನಿಂಗೆ! ಬೈಕು ಹತ್ತಿಸ್ಕೊಂಡೋರನ್ನ ಮನೆ ಮುಟ್ಟೋವರೆಗೂ ಇಳಿಸಬಾರದು ಕಣೋ!"

"ಆಗ್ಲಮ್ಮ, ಮುಂದಿನ ಸಲ ಹಂಗೇ ಮಾಡ್ತೀನಿ."

ಎಲ್ಲರೂ ಉಂಡರು. ಹೋಳಿಗೆ ಮೇಲೆ ಹೋಳಿಗೆ. ಕೈ ತೊಳೆದು ನೋಡ್ತಾರೆ, ಮಗು ಇಲ್ಲ! ಓಬಳೇಶ ಇಲ್ಲ, ಬೈಕೂ ಇಲ್ಲ! ಮೊದಲಿನ ಹಂಗೆ ಅರಚಿದ್ದರೆ ಊರಿಗೇ ಕೇಳ್ತಿತ್ತು. ಈಗ ಅರಚಬಾರದು ಅಂತ ತಾವೇ ಹಲ್ಲು ಹಾಕಿಸಿದ್ದಾರೆ, ಯಾರಿಗೆ ಕೇಳಬೇಕು? ಪಾಲಾಕ್ಷಿ ಗೋಳೋ ಅಂತ ಅತ್ತಳು. ಬೀಗಿತ್ತಿ ಕೆಂಡ ಕಾರಿದಳು. ಮನೆಮಂದಿಯೆಲ್ಲ ಟ್ರಾಕ್ಟರ್ ಹತ್ತಿ ಹೈವೇಗೆ ಬಿದ್ದರು.

ದಿಬ್ಬದ ಏರಲ್ಲಿ ಸಿಕ್ಕಿದರು. ಗಂಧ ಮೆತ್ತಿದ ಬೋಳುತಲೆಯ ಪೋರ ಟ್ಯಾಂಕಿನ ಮೇಲೆ ಕೂತು ಹ್ಯಾಂಡಲ್ ಹಿಡಿದು ಬಾಯಲ್ಲೇ "ಡುರ್ರ್" ಅಂತಾನೆ. ಓಬಳೇಶ ಒಂದು ಕೈಲಿ ಅವನನ್ನ ಹಿಡ್ಕೊಂಡು ಬೆವರು ಸುರಿಸ್ತಾ ಬೈಕು ತಳ್ತಾನೆ.

"ಏನೋ ಇದು ಮುಂಡೇದೇ!" ಮಾರಕ್ಕ ಅಳುತ್ತಲೇ ಕೂಗಿದಳು.

"ನಾನೇನಮ್ಮ ಮಾಡ್ಲಿ? ಮಗು ತಾನೇ ಹತ್ತಿ ಕೂತ್ಕೊಂಡ. ಹತ್ತಿದೋರನ್ನ ಮನೆ ಮುಟ್ಟೋವರೆಗೂ ಇಳಿಸಬೇಡ ಅಂದೆ, ನಮ್ಮನೆಗೆ ಹೊರಟೆ. ಈ ಕಡೆ ಏರು ಇನ್ನೂ ಕಡಿದು, ಬೈಕು ಎಳೀಲಿಲ್ಲ. ಮೇಸ್ತ್ರಿ ಭಾರ ಇಳಿಸು ಅಂದಿದ್ದ. ಅದಕ್ಕೆ ನಾನೇ ಇಳಿದೆ!"

ಬೀಗಿತ್ತಿ ಬೈಯೋಕೆ ಬಾಯಿ ತೆರೆದಳು. ಅಷ್ಟರಲ್ಲಿ ಪೋರ, "ಮಾವಾ, ತಳ್ಳು!" ಅಂದ. ಬೈಯೋಕೆ ತೆರೆದ ಬಾಯಲ್ಲಿ ನಗು ಬಂದುಬಿಡ್ತು.

ಇಂಜಿನ್ ನಿಲ್ಲಿಸಿ ಜೇಬಿಗೆ ಹಾಕ್ಕೊಂಡಿದ್ದ ಕೀಲಿಕೈಯನ್ನ ಓಬಳೇಶ ತೆಗೆದು ತಾಯಿಗೆ ತೋರಿಸಿದ. ಮುಖ ಅರಳಿತ್ತು.

"ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ ಕಣಮ್ಮ. ಆಗಿನಿಂದ ನೋಡ್ತಾ ಇದ್ದೀನಿ, ಇಂಜಿನ್ನು ಒಂಚೂರೂ ಅರಚ್ತಾ ಇಲ್ಲ!"